ಊರಿಗೆ ಬಂದ ಹಣ, ಊರಲ್ಲಿ ಏರಿದ ಬೆಲೆ

ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ಪಾವತಿ ಶಿಲ್ಕಿನ ಪಾಠ ಬರುತ್ತದೆ. ನೀವೆಲ್ಲ ಅದನ್ನು ಬಿಒಪಿ ಎಂದೇ ಕರೆಯುತ್ತೀರಿ. ಚಾಲ್ತಿ ಖಾತೆಯಡಿ ಸರಕುಗಳ ರಫ್ತು, ಆಮದು, ಸೇವೆಗಳು, ಆಮೇಲೆ 'ವರ್ಗಾವಣೆಗಳು' ಎಂಬ ಒಂದು ಸಾಲು. ಪರೀಕ್ಷೆಗೆ ಆ ಸಾಲಿನಿಂದ ಬರುವುದು ಹೆಚ್ಚೆಂದರೆ ಒಂದು ಅಂಕದ ಪ್ರಶ್ನೆ, ಹಾಗಾಗಿ ಓದುವವರೂ ಕಡಿಮೆ. ಆದರೆ ನಮ್ಮ ಕಾಲೇಜಿನ ಎಷ್ಟೋ ಮಕ್ಕಳ ಮನೆಯಲ್ಲಿ ಅಡುಗೆ, ಫೀಸು, ಆಸ್ಪತ್ರೆ, ಅಕ್ಕನ ಮದುವೆ ಎಲ್ಲ ನಡೆಯುವುದು ಆ ಒಂದು ಸಾಲಿನಿಂದಲೇ. ದುಬೈ, ಜಿದ್ದಾ, ದಮ್ಮಾಮ್, ದೋಹಾ, ಮಸ್ಕತ್‌ನಿಂದ ತಂದೆಯೋ ಅಣ್ಣನೋ ಭಾವನೋ ಕಳಿಸುವ ದುಡ್ಡು ದೇಶದ ಲೆಕ್ಕದಲ್ಲಿ ಹೋಗಿ ಕೂರುವುದು ಅಲ್ಲಿ.

ಸಾಲು ಚಿಕ್ಕದಾದರೂ ಮೊತ್ತ ಚಿಕ್ಕದಲ್ಲ. ವಿಶ್ವ ಬ್ಯಾಂಕಿನ ಅಂದಾಜಿನಂತೆ 2022ರಲ್ಲಿ ವಲಸಿಗರು ಭಾರತಕ್ಕೆ ಕಳಿಸಿದ ಹಣ ಸುಮಾರು 111 ಬಿಲಿಯನ್ ಡಾಲರ್. ಒಂದು ವರ್ಷದಲ್ಲಿ 100 ಬಿಲಿಯನ್ ದಾಟಿದ ಮೊದಲ ದೇಶ ನಮ್ಮದು. ಮೆಕ್ಸಿಕೋ, ಚೀನಾ, ಫಿಲಿಪ್ಪೀನ್ಸ್ ನಮ್ಮ ನಂತರ ಬರುತ್ತವೆ.

ಈ ಹಣದ ಬಗ್ಗೆ ಊರಲ್ಲಿ ಒಂದು ಮಾತು ಬಹಳ ಕಾಲದಿಂದ ಇದೆ: "ಗಲ್ಫ್ ದುಡ್ಡು ಬಂದ ಮೇಲೆ ಇಲ್ಲಿ ಎಲ್ಲ ದುಬಾರಿಯಾಯಿತು." ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಜಾಗದ ದಲ್ಲಾಳಿಯ ಬಾಯಲ್ಲಿ ನೀವೂ ಕೇಳಿರುತ್ತೀರಿ. ಈ ಮಾತಿನಲ್ಲಿ 'ಎಲ್ಲ' ಎಂಬ ಪದ ತಪ್ಪು. ಕೆಲವು ಬೆಲೆಗಳು ಮಾತ್ರ ಏರುತ್ತವೆ, ಕೆಲವು ಅಲುಗುವುದೇ ಇಲ್ಲ. ಯಾವುದು ಏರುತ್ತದೆ, ಏಕೆ, ಯಾರಿಗೆ ಅದರ ಬಿಸಿ ತಟ್ಟುತ್ತದೆ ಎಂಬುದನ್ನು ನೋಡೋಣ.

ಹಣ ಬಂತು, ಸರಕು ಬರಲಿಲ್ಲ

ಊರಿನಲ್ಲೇ ದುಡಿಯುವ ಬಡಗಿ ದಿನಕ್ಕೆ ಸಾವಿರ ರೂಪಾಯಿ ಗಳಿಸಿದರೆ, ಆ ಸಾವಿರದ ಜೊತೆಗೆ ಊರಿಗೆ ಒಂದು ಬಾಗಿಲೋ ಮಂಚವೋ ಬಂದಿರುತ್ತದೆ. ಆದಾಯವೂ ಹೆಚ್ಚಿತು, ಉತ್ಪನ್ನವೂ ಹೆಚ್ಚಿತು. ಅದೇ ಬಡಗಿ ಶಾರ್ಜಾಕ್ಕೆ ಹೋದರೆ ಬಾಗಿಲು ಶಾರ್ಜಾದಲ್ಲಿ ಉಳಿಯುತ್ತದೆ, ಹಣ ಊರಿಗೆ ಬರುತ್ತದೆ. ಊರಿನಲ್ಲಿ ಬೇಡಿಕೆ ಏರಿತು, ಊರಿನ ಪೂರೈಕೆ ಏರಲಿಲ್ಲ. ಸಾಲದ್ದಕ್ಕೆ ಊರಿನ ಒಬ್ಬ ಬಡಗಿ ಕಡಿಮೆಯಾದ.

ಒಂದು ವರ್ಷಕ್ಕಿಂತ ಹೆಚ್ಚು ಹೊರಗೆ ನೆಲೆಸಿದವರು ಮನೆಗೆ ಕಳಿಸುವ ಹಣ ನಮ್ಮ ಒಟ್ಟು ದೇಶೀಯ ಉತ್ಪನ್ನಕ್ಕೆ ಸೇರುವುದಿಲ್ಲ, ಏಕೆಂದರೆ ಅದಕ್ಕೆ ಪ್ರತಿಯಾಗಿ ಇಲ್ಲಿ ಏನೂ ಉತ್ಪಾದನೆಯಾಗಿಲ್ಲ. ಅದು ಸೇರುವುದು ರಾಷ್ಟ್ರೀಯ ವಿನಿಯೋಗಾರ್ಹ ಆದಾಯಕ್ಕೆ, ನಿವ್ವಳ ಚಾಲ್ತಿ ವರ್ಗಾವಣೆಯಾಗಿ. ಉತ್ತರ ಪತ್ರಿಕೆಗಳಲ್ಲಿ ಇದನ್ನು ಜಿಡಿಪಿಗೆ ಕೂಡಿಸಿದವರು ಪ್ರತಿವರ್ಷ ಇದ್ದೇ ಇರುತ್ತಾರೆ. ಬಡಗಿಯ ಬಾಗಿಲು ಎಲ್ಲಿದೆ ಎಂದು ಕೇಳಿಕೊಂಡರೆ ಆ ಗೊಂದಲ ಬರುವುದಿಲ್ಲ.

ಈಗ ಬಂದ ಹಣ ಅಂಗಡಿಗೆ ಹೋಗುತ್ತದೆ. ಮನೆಯವರು ಅಕ್ಕಿ, ಎಣ್ಣೆ, ಬಟ್ಟೆ, ಮೊಬೈಲ್, ಫ್ರಿಜ್ ಕೊಳ್ಳುತ್ತಾರೆ. ಅಕ್ಕಿಗೆ ಬೇಡಿಕೆ ಹೆಚ್ಚಾದರೆ ಗಂಗಾವತಿಯಿಂದ ಇನ್ನೊಂದು ಲಾರಿ ಬರುತ್ತದೆ. ಫ್ರಿಜ್ಜಿಗೆ ಬೇಡಿಕೆ ಹೆಚ್ಚಾದರೆ ಅಂಗಡಿಯವರು ಇನ್ನೊಂದು ಲೋಡ್ ತರಿಸುತ್ತಾರೆ. ಇವುಗಳ ಬೆಲೆ ದೇಶದ ದೊಡ್ಡ ಮಾರುಕಟ್ಟೆಯಲ್ಲಿ ತೀರ್ಮಾನವಾಗುವುದರಿಂದ ಒಂದು ಊರಿನ ಬೇಡಿಕೆಗೆ ಅದು ಅಲುಗುವುದಿಲ್ಲ. ಅರ್ಥಶಾಸ್ತ್ರಜ್ಞರು ಇವನ್ನು ವ್ಯಾಪಾರಯೋಗ್ಯ ಸರಕು ಎನ್ನುತ್ತಾರೆ. ಈ ಲೇಖನದಲ್ಲಿ 'ಹೊರಗಿನಿಂದ ತರಬಹುದಾದದ್ದು' ಎನ್ನೋಣ.

ಆದರೆ ಅದೇ ಮನೆಯವರು ಐದು ಸೆಂಟ್ಸ್ ಜಾಗ ಕೊಳ್ಳುತ್ತಾರೆ, ಮನೆ ಕಟ್ಟಿಸುತ್ತಾರೆ, ಮಕ್ಕಳನ್ನು ಖಾಸಗಿ ಶಾಲೆಗೆ ಸೇರಿಸುತ್ತಾರೆ, ತಜ್ಞ ವೈದ್ಯರ ಹತ್ತಿರ ಹೋಗುತ್ತಾರೆ, ಮದುವೆಗೆ ಹಾಲ್ ಬುಕ್ ಮಾಡುತ್ತಾರೆ. ರಸ್ತೆ ಪಕ್ಕದ ಐದು ಸೆಂಟ್ಸನ್ನು ಗಂಗಾವತಿಯಿಂದ ಲಾರಿಯಲ್ಲಿ ತರಿಸಲಾಗದು. ಮೇಸ್ತ್ರಿಯ ಒಂದು ದಿನದ ಕೆಲಸವನ್ನು ಗೋದಾಮಿನಲ್ಲಿ ಇಟ್ಟು ಮಾರಲಾಗದು. ಪೂರೈಕೆಯ ಸ್ಥಿತಿಸ್ಥಾಪಕತ್ವ ಇಲ್ಲಿ ಕಡಿಮೆ, ಜಮೀನಿನ ಮಟ್ಟಿಗಂತೂ ಬಹುತೇಕ ಸೊನ್ನೆ. ಪ್ರಥಮ ಪಿಯುಸಿಯವರೂ ಚಿತ್ರ ಬರೆದು ನೋಡಬಹುದು: ಪೂರೈಕೆ ರೇಖೆ ನೆಟ್ಟಗೆ ನಿಂತಿದ್ದರೆ, ಬೇಡಿಕೆ ರೇಖೆ ಬಲಕ್ಕೆ ಸರಿದಷ್ಟೂ ಪ್ರಮಾಣ ಹೆಚ್ಚುವುದಿಲ್ಲ, ಬೆಲೆಯೊಂದೇ ಹೆಚ್ಚುತ್ತದೆ.

ಬಂದ ಹಣ ಒಂದೇ ಆದರೂ ಒಂದು ಗುಂಪಿನ ಬೆಲೆ ನಿಂತಲ್ಲೇ ನಿಲ್ಲುತ್ತದೆ, ಇನ್ನೊಂದು ಗುಂಪಿನದು ಏರುತ್ತದೆ. ಬೇಡಿಕೆ ಹೆಚ್ಚಿದರೆ ಬೆಲೆ ಹೆಚ್ಚುತ್ತದೆ ಎಂದಷ್ಟೇ ಬರೆದು ನಿಲ್ಲಿಸಿದರೆ ಈ ಮುಖ್ಯ ಸಂಗತಿಯೇ ತಪ್ಪಿಹೋಗುತ್ತದೆ.

ಕೇರಳದ ಲೆಕ್ಕ

ಇದನ್ನು ಅಳೆದು ನೋಡಲು ನಮಗೆ ಹತ್ತಿರದ, ಚೆನ್ನಾಗಿ ಅಧ್ಯಯನವಾದ ಜಾಗವೆಂದರೆ ಕೇರಳ. 1973ರಲ್ಲಿ ಕಚ್ಚಾತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾದಾಗ ಕೊಲ್ಲಿ ದೇಶಗಳಲ್ಲಿ ಕಟ್ಟಡ, ರಸ್ತೆ, ಬಂದರುಗಳ ಕೆಲಸ ಭರದಿಂದ ಶುರುವಾಯಿತು. ಮಲಯಾಳಿಗಳು ಹೊರಟರು. ನಮ್ಮ ಕರಾವಳಿಯವರೂ ಅದೇ ಹಡಗು, ಅದೇ ವಿಮಾನಗಳಲ್ಲಿ ಹೋದರು. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದಲ್ಲಿ ಕೆ. ಸಿ. ಜಕರಿಯಾ ಮತ್ತು ಎಸ್. ಇರುದಯ ರಾಜನ್ 1998ರಲ್ಲಿ ಕೇರಳ ವಲಸೆ ಸಮೀಕ್ಷೆಯನ್ನು ಆರಂಭಿಸಿದರು. ಅಂದಿನಿಂದ ಕೆಲವು ವರ್ಷಗಳಿಗೊಮ್ಮೆ ಅದು ನಡೆಯುತ್ತಿದೆ. 2018ರ ಸಮೀಕ್ಷೆಯಲ್ಲಿ ವಿದೇಶದಿಂದ ಬಂದ ಹಣ 85,092 ಕೋಟಿ ರೂಪಾಯಿ. 2023ರಲ್ಲಿ ಅದು 2,16,893 ಕೋಟಿ. ಹೊರಗೆ ಇರುವವರ ಸಂಖ್ಯೆ ಮಾತ್ರ ಹೆಚ್ಚು ಬದಲಾಗಿಲ್ಲ, ಸುಮಾರು 21 ಲಕ್ಷ ಇದ್ದದ್ದು 22 ಲಕ್ಷವಾಯಿತು.

ಇಡೀ ಭಾರತಕ್ಕೆ ಈ ಹಣ ಜಿಡಿಪಿಯ ಶೇಕಡಾ ಮೂರರ ಆಸುಪಾಸು. ಅಷ್ಟರಿಂದ ದೇಶದ ಬೆಲೆ ಮಟ್ಟ ಮೇಲೆ ಕೆಳಗೆ ಆಗುವುದಿಲ್ಲ. ಆದರೆ ಅದು ಎಲ್ಲ ಕಡೆ ಒಂದೇ ಸಮ ಬೀಳುವ ಮಳೆಯಲ್ಲ. ರಿಸರ್ವ್ ಬ್ಯಾಂಕಿನ ಸಮೀಕ್ಷೆಯಂತೆ 2023-24ರಲ್ಲಿ ಒಟ್ಟು ಹಣದ ಶೇ. 20.5 ಮಹಾರಾಷ್ಟ್ರಕ್ಕೆ, ಶೇ. 19.7 ಕೇರಳಕ್ಕೆ, ಶೇ. 7.7 ಕರ್ನಾಟಕಕ್ಕೆ ಬಂದಿದೆ. ದೇಶದ ಜನಸಂಖ್ಯೆಯಲ್ಲಿ ಕೇರಳದ ಪಾಲು ಶೇ. 3ಕ್ಕಿಂತ ಕಡಿಮೆ ಎಂಬುದನ್ನು ಇದರ ಪಕ್ಕ ಇಟ್ಟು ನೋಡಿ. ಕರ್ನಾಟಕದೊಳಗೂ ಕರಾವಳಿಯಲ್ಲಿ ಕೊಲ್ಲಿಯ ಹಣದ ಗುರುತು ಕಾಣುವಷ್ಟು ಬಯಲುಸೀಮೆಯ ಹೆಚ್ಚಿನ ಜಿಲ್ಲೆಗಳಲ್ಲಿ ಕಾಣುವುದಿಲ್ಲ.

ಕೇರಳದಲ್ಲಿ ಏನಾಯಿತು? ಅಕ್ಕಿಯ ಬಹುಪಾಲು ಆಂಧ್ರ, ಪಂಜಾಬ್ ಕಡೆಯಿಂದ ಬರುತ್ತದೆ, ತರಕಾರಿ ತಮಿಳುನಾಡಿನಿಂದ, ನಮ್ಮ ಗುಂಡ್ಲುಪೇಟೆ ಕಡೆಯಿಂದ ಹೋಗುತ್ತದೆ. ಸಾಗಣೆ ವೆಚ್ಚ ಬಿಟ್ಟರೆ ಅಲ್ಲಿನ ಕೊಳ್ಳುವ ಶಕ್ತಿಯಿಂದಾಗಿ ಇವುಗಳ ಬೆಲೆ ಎರಡು ಪಟ್ಟಾಗಲಿಲ್ಲ. ಎರಡು ಪಟ್ಟಾದದ್ದು ಕೂಲಿ. ರಿಸರ್ವ್ ಬ್ಯಾಂಕ್ ಪ್ರಕಟಿಸುವ ರಾಜ್ಯಗಳ ಅಂಕಿಅಂಶ ಕೈಪಿಡಿಯ ಪ್ರಕಾರ 2021-22ರಲ್ಲಿ ಗ್ರಾಮೀಣ ಕೇರಳದ ಕಟ್ಟಡ ಕಾರ್ಮಿಕರ ಸರಾಸರಿ ದಿನಗೂಲಿ 837.7 ರೂಪಾಯಿ. ದೇಶದ ಸರಾಸರಿ 373.3 ರೂಪಾಯಿ. ಕೃಷಿ ಕೂಲಿಯಲ್ಲೂ ಅಂತರ ಇದೇ ಅಳತೆಯದು: 726.8 ಮತ್ತು 323.2. ಇದನ್ನು ಪೂರ್ತಿಯಾಗಿ ಕೊಲ್ಲಿಯ ಹಣದ ಖಾತೆಗೆ ಬರೆಯುವುದು ಅನ್ಯಾಯ. ಭೂ ಸುಧಾರಣೆ, ಬಲವಾದ ಕಾರ್ಮಿಕ ಸಂಘಟನೆ, ಓದಿನ ಮಟ್ಟ ಇವೆಲ್ಲ ಅದರ ಹಿಂದಿವೆ. ಆದರೂ ದುಡಿಯುವ ವಯಸ್ಸಿನ ಲಕ್ಷಾಂತರ ಗಂಡಸರು ಹೊರಗೆ ಹೋದರು, ಅವರು ಕಳಿಸಿದ ಹಣದಿಂದ ಮನೆ ಕಟ್ಟುವ ಕೆಲಸ ಏರಿತು. ಎರಡೂ ಸೇರಿ ಕೂಲಿಯನ್ನು ಮೇಲಕ್ಕೆ ತಳ್ಳಿದವು.

ಕೂಲಿ ಹೆಚ್ಚಾದಲ್ಲಿಗೆ ಕೆಲಸಗಾರರು ಬರಲೇಬೇಕಲ್ಲ. ಬಂದರು. ಒಡಿಶಾ, ಪಶ್ಚಿಮ ಬಂಗಾಳ, ಅಸ್ಸಾಂ, ಬಿಹಾರದಿಂದ ಬಂದರು. ತಿರುವನಂತಪುರದ ಗುಲಾಟಿ ಸಂಸ್ಥೆ 2013ರಲ್ಲಿ ನಡೆಸಿದ ಅಧ್ಯಯನದಂತೆ ಆಗಲೇ ಕೇರಳದಲ್ಲಿ ಇಂಥ ಸುಮಾರು 25 ಲಕ್ಷ ಕಾರ್ಮಿಕರಿದ್ದರು. ಅವರು ವರ್ಷಕ್ಕೆ 17,500 ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ತಮ್ಮ ಮನೆಗಳಿಗೆ ಕಳಿಸುತ್ತಿದ್ದರು. ನನಗೆ ಇಡೀ ವಿಷಯದಲ್ಲಿ ಹೆಚ್ಚು ಸೋಜಿಗ ಎನ್ನಿಸುವುದು ಇದು. ಮಲಪ್ಪುರಂನ ಯುವಕ ದುಬೈಯಲ್ಲಿ ಇಟ್ಟಿಗೆ ಜೋಡಿಸುತ್ತಾನೆ, ಮುರ್ಶಿದಾಬಾದಿನ ಯುವಕ ಬಂದು ಮಲಪ್ಪುರಂನಲ್ಲಿ ಅವನ ಮನೆಯ ಇಟ್ಟಿಗೆ ಜೋಡಿಸುತ್ತಾನೆ. ಕೊಲ್ಲಿಯ ದಿರ್ಹಮಿನ ಒಂದು ಪಾಲು ಹೀಗೆ ಬಂಗಾಳದ ಹಳ್ಳಿಗೆ ಹೋಗಿ ಸೇರುತ್ತದೆ. ನಮ್ಮೂರಿನ ಕಟ್ಟಡಗಳಲ್ಲಿ ಕೆಲಸ ಮಾಡುವವರ ಭಾಷೆಗೆ ಒಮ್ಮೆ ಕಿವಿಗೊಡಿ. ಹಿಂದಿ, ಬಂಗಾಳಿ, ನಮ್ಮದೇ ಬಾಗಲಕೋಟೆ ಕಡೆಯ ಕನ್ನಡ ಕೇಳಿಸಿದರೆ, ಕಾರಣ ಅರ್ಧ ಗೊತ್ತಾದಂತೆ.

ಆ ಕಾರ್ಮಿಕರು ಬರದೇ ಇದ್ದಿದ್ದರೆ ಕೂಲಿ ಇನ್ನೂ ಮೇಲೆ ಹೋಗುತ್ತಿತ್ತು. ಅಂದರೆ ಮೇಸ್ತ್ರಿಯ ಕೆಲಸ ಪೂರ್ತಿಯಾಗಿ 'ತರಲಾಗದ' ವಸ್ತುವಲ್ಲ. ರೈಲು ಹತ್ತಿ ಬರುವ ಜನರಿಂದ ಅದೂ ಸ್ವಲ್ಪಮಟ್ಟಿಗೆ ಹೊರಗಿನಿಂದ ಬರುತ್ತದೆ. ಕೊನೆಗೆ ಯಾವ ರೈಲಿನಲ್ಲೂ ಬಾರದೆ ಉಳಿಯುವುದು ನೆಲ ಒಂದೇ. ಕೇರಳದಲ್ಲಿ ಬಂದ ಹಣದ ಒತ್ತಡ ಕೊನೆಗೆ ಬಂದು ನಿಂತದ್ದು ಜಮೀನಿನ ಬೆಲೆಯ ಮೇಲೆ. 2011ರ ಜನಗಣತಿಯಲ್ಲಿ ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳು ಬೀಗ ಹಾಕಿ ಖಾಲಿ ಇದ್ದವು. ಮನೆ ಇಲ್ಲದವರು ಬಾಡಿಗೆ ಹುಡುಕುತ್ತಿದ್ದ ಕಾಲದಲ್ಲೇ ಇಷ್ಟು ಮನೆ ಖಾಲಿ. ಜಾಗ ಮತ್ತು ಮನೆ ವಾಸಕ್ಕಾಗಿ ಮಾತ್ರವಲ್ಲದೆ ಉಳಿತಾಯದ ಪೆಟ್ಟಿಗೆಯಾಗಿಯೂ ಬಳಕೆಯಾದಾಗ ಹೀಗಾಗುತ್ತದೆ.

ಯಾರ ಬುಟ್ಟಿ ಎಷ್ಟು ಭಾರ

ಒಂದು ಲೆಕ್ಕ ಮಾಡೋಣ. ಇದು ಪಾಠಕ್ಕಾಗಿ ಮಾಡಿಕೊಂಡ ಉದಾಹರಣೆ, ಸಮೀಕ್ಷೆಯದಲ್ಲ.

ಮೊದಲ ಕುಟುಂಬದ ತಿಂಗಳ ಖರ್ಚು 20,000 ರೂಪಾಯಿ. ಅದರಲ್ಲಿ ಹೊರಗಿನಿಂದ ಬರುವ ವಸ್ತುಗಳಿಗೆ 12,000, ಊರಿನಲ್ಲೇ ಸಿಗುವ ಬಾಡಿಗೆ, ಫೀಸು, ವೈದ್ಯರು, ರಿಕ್ಷಾ, ಕೂಲಿ ಮುಂತಾದ ಸೇವೆಗಳಿಗೆ 8,000. ಎರಡನೆಯ ಕುಟುಂಬ ಬಾಡಿಗೆ ಮನೆಯಲ್ಲಿದೆ, ಖರ್ಚು 12,000. ಹೊರಗಿನ ವಸ್ತುಗಳಿಗೆ 4,800, ಊರಿನ ಸೇವೆಗಳಿಗೆ 7,200. ಈಗ ಊರಿನ ಸೇವೆಗಳ ಬೆಲೆ ಶೇ. 25 ಏರಿತು, ಉಳಿದದ್ದು ಏರಲಿಲ್ಲ ಎನ್ನಿ. ಮೊದಲ ಕುಟುಂಬದ ಖರ್ಚು 22,000 ಆಯಿತು, ಏರಿಕೆ ಶೇ. 10. ಎರಡನೆಯದು 13,800 ಆಯಿತು, ಏರಿಕೆ ಶೇ. 15. ಒಂದೇ ಊರು, ಒಂದೇ ಬೆಲೆ ಏರಿಕೆ, ಆದರೆ ಹಣದುಬ್ಬರ ಎರಡು.

ಬಡವರಿಗೇ ಯಾವಾಗಲೂ ಹೆಚ್ಚು ಪೆಟ್ಟು ಎಂದು ಇದರಿಂದ ತೀರ್ಮಾನಿಸಬೇಡಿ. ಏಂಗೆಲ್ ನಿಯಮ ನೆನಪಿದೆಯಲ್ಲ, ಆದಾಯ ಕಡಿಮೆಯಾದಷ್ಟೂ ಆಹಾರಕ್ಕೆ ಹೋಗುವ ಪಾಲು ಹೆಚ್ಚು. ಸ್ವಂತ ಗುಡಿಸಲು, ರೇಷನ್ ಅಕ್ಕಿ ಇರುವ ಕುಟುಂಬಕ್ಕೆ ಬಾಡಿಗೆ ಏರಿಕೆ ತಟ್ಟುವುದೇ ಇಲ್ಲ. ಅದೇ ಕುಟುಂಬದ ಯಜಮಾನ ಸಾರಣೆ ಕೆಲಸದವನಾದರೆ ಅವನ ಕೂಲಿಯೂ ಏರಿರುತ್ತದೆ, ಅವನಿಗೆ ಇದು ಲಾಭ. ಜಾಗ ಮಾರಿದವನಿಗೆ ಲಾಭ. ಕೆಂಪುಕಲ್ಲಿನ ಕೋರೆಯವನಿಗೆ, ಜಲ್ಲಿ ಸಾಗಿಸುವ ಲಾರಿಯವನಿಗೆ, ಪಾತ್ರೆ ಬಾಡಿಗೆಗೆ ಕೊಡುವವನಿಗೂ ಲಾಭ. ಕೊಲ್ಲಿಗೆ ಯಾರನ್ನೂ ಕಳಿಸದ ಇಂಥ ಮನೆಗಳಿಗೂ ಆ ಹಣ ಸುತ್ತಿ ಬರುತ್ತದೆ. ಗುಣಕದ ಪಾಠದಲ್ಲಿ ನೀವು ಓದಿದ್ದು ಇದನ್ನೇ.

ಹಾಗಾದರೆ ನಷ್ಟ ಯಾರಿಗೆ? ಊರಿನ ಬೆಲೆಯಲ್ಲಿ ಕೊಂಡು ಹೊರಗಿನ ಬೆಲೆಯಲ್ಲಿ ಗಳಿಸುವವರಿಗೆ. ಖಾಸಗಿ ಸಂಸ್ಥೆಯಲ್ಲಿ ಹೆಚ್ಚು ಏರದ ಸಂಬಳಕ್ಕೆ ದುಡಿದು ಬಾಡಿಗೆ ಮನೆಯಲ್ಲಿ ಇರುವವರು, ಮನೆಯಲ್ಲೇ ಕೂತು ಬೀಡಿ ಕಟ್ಟುವ ತಾಯಂದಿರು, ಸಣ್ಣ ಹಿಡುವಳಿಯ ಭತ್ತದ ರೈತರು. ಬೀಡಿಯ ಸಾವಿರಕ್ಕೆ ಇಷ್ಟು ಎಂಬ ದರ ಊರಿನ ಜಾಗದ ಬೆಲೆ ನೋಡಿ ಏರುವುದಿಲ್ಲ. ಮಗನಿಗೆ ಮೂರು ಸೆಂಟ್ಸ್ ಜಾಗ ಮಾಡಬೇಕು ಎಂದು ಇಪ್ಪತ್ತು ವರ್ಷ ಕೂಡಿಟ್ಟವರು, ಕೂಡಿಟ್ಟ ವೇಗಕ್ಕಿಂತ ಜಾಗದ ಬೆಲೆ ಓಡಿದ ವೇಗ ಹೆಚ್ಚು ಎಂದು ಕಂಡುಕೊಳ್ಳುತ್ತಾರೆ. ಅವರ ಆದಾಯ ಇಳಿದಿಲ್ಲ, ಪಕ್ಕದ ಮನೆಯವರು ಅವರಿಗೆ ಏನೂ ಕೆಡುಕು ಮಾಡಿಲ್ಲ. ಆದರೂ ಅವರು ಮೊದಲಿಗಿಂತ ಬಡವರಾಗಿದ್ದಾರೆ. ಹಣ ಕಳಿಸುವವನೂ ಬೆವರು ಸುರಿಸಿಯೇ ಕಳಿಸಿದ್ದಾನೆ. ಯಾರ ತಪ್ಪೂ ಇಲ್ಲದೆ ಒಬ್ಬರಿಗೆ ಆಗುವ ನಷ್ಟವನ್ನು ನಾವು ಊರಿನಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ನನ್ನ ದೂರು.

ಭತ್ತದ ರೈತನ ವಿಷಯವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಪಠ್ಯದ ಒಂದು ದೊಡ್ಡ ಪರಿಕಲ್ಪನೆ ಅವನ ಗದ್ದೆಯಲ್ಲೇ ಇದೆ. ಅವನು ಮಾರುವ ಭತ್ತ ಹೊರಗಿನಿಂದ ತರಬಹುದಾದ ಸರಕು, ಅದರ ಬೆಲೆ ಅವನ ಕೈಯಲ್ಲಿಲ್ಲ. ಅವನು ಕೊಳ್ಳುವ ಕೂಲಿ ಊರಿನ ಬೆಲೆಯದು, ಅದು ಏರುತ್ತಲೇ ಇದೆ. ನಡುವೆ ಅವನ ಲಾಭ ಕರಗುತ್ತದೆ. ಗದ್ದೆಯನ್ನು ಮಣ್ಣು ತುಂಬಿಸಿ ಸೈಟು ಮಾಡಿ ಮಾರಿದರೆ ಹತ್ತಾರು ವರ್ಷದ ಬೆಳೆಯ ಹಣ ಒಂದೇ ದಿನ ಸಿಗುತ್ತದೆ. 1970ರ ದಶಕದ ಆರಂಭದಲ್ಲಿ ಕೇರಳದಲ್ಲಿ ಎಂಟೂಮುಕ್ಕಾಲು ಲಕ್ಷ ಹೆಕ್ಟೇರಿನಷ್ಟಿದ್ದ ಭತ್ತದ ಬೆಳೆ ಈಗ ಎರಡು ಲಕ್ಷ ಹೆಕ್ಟೇರಿನ ಆಸುಪಾಸಿಗೆ ಇಳಿದಿದೆ. ರಬ್ಬರ್, ತೆಂಗಿನ ಆಕರ್ಷಣೆಯೂ ಇದಕ್ಕೆ ಕಾರಣ. ಗದ್ದೆ ತುಂಬಿಸುವುದನ್ನು ತಡೆಯಲೆಂದೇ ಅಲ್ಲಿನ ಸರ್ಕಾರ 2008ರಲ್ಲಿ ಕಾನೂನು ತರಬೇಕಾಯಿತು.

ಹೊರಗಿನಿಂದ ಬಂದ ಹಣ ಸ್ಥಳೀಯ ಬೆಲೆಗಳನ್ನು ಏರಿಸಿ, ಹೊರಗಿನ ಬೆಲೆಗೆ ಮಾರಬೇಕಾದ ಉತ್ಪಾದಕನನ್ನು ಹಿಂಡುವುದಕ್ಕೆ 'ಡಚ್ ರೋಗ' ಎಂದು ಹೆಸರು. 1959ರಲ್ಲಿ ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್‌ನಲ್ಲಿ ಭಾರೀ ಅನಿಲ ನಿಕ್ಷೇಪ ಸಿಕ್ಕಿತು. ಅನಿಲದ ಹಣ ಬಂದ ಮೇಲೆ ಆ ದೇಶದ ಕೈಗಾರಿಕೆಗಳು ಸೊರಗಿದವು. 1977ರಲ್ಲಿ 'ದಿ ಎಕನಾಮಿಸ್ಟ್' ಪತ್ರಿಕೆ ಇದಕ್ಕೆ ಈ ಹೆಸರಿಟ್ಟಿತು. ಅನಿಲದ ಜಾಗದಲ್ಲಿ ವಲಸಿಗರ ಹಣವನ್ನು ಇಟ್ಟರೂ ಯಂತ್ರ ಹೀಗೆಯೇ ಓಡುತ್ತದೆ.

ವಿನಿಮಯ ದರದ ದಾರಿ

ಇಲ್ಲಿಯವರೆಗೆ ಊರಿನ ಮಟ್ಟದ ಮಾತಾಯಿತು. ವಲಸಿಗರ ಹಣವೇ ಜಿಡಿಪಿಯ ದೊಡ್ಡ ಪಾಲಾಗಿರುವ ಪುಟ್ಟ ದೇಶಗಳಲ್ಲಿ ಇದು ಇಡೀ ದೇಶದ ಸಮಸ್ಯೆಯಾಗುತ್ತದೆ. ಆಗ ಕರೆನ್ಸಿಯೂ ಕಥೆಯೊಳಗೆ ಬರುತ್ತದೆ.

ನೈಜ ವಿನಿಮಯ ದರದ ಸೂತ್ರ ನಿಮಗೆ ಗೊತ್ತು: ನಾಮಮಾತ್ರ ವಿನಿಮಯ ದರವನ್ನು ವಿದೇಶದ ಬೆಲೆ ಮಟ್ಟದಿಂದ ಗುಣಿಸಿ ನಮ್ಮ ಬೆಲೆ ಮಟ್ಟದಿಂದ ಭಾಗಿಸಬೇಕು. ದೇಶದೊಳಗೆ ಡಾಲರ್ ರಾಶಿ ಬಂದಾಗ ಎರಡರಲ್ಲಿ ಒಂದು ಆಗಬೇಕು. ಕರೆನ್ಸಿ ತೇಲುತ್ತಿದ್ದರೆ ಅದರ ಮೌಲ್ಯ ಏರುತ್ತದೆ. ಕರೆನ್ಸಿಯನ್ನು ಕಟ್ಟಿಹಾಕಿದ್ದರೆ ಒಳಗಿನ ಬೆಲೆಗಳು ಏರುತ್ತವೆ. ಯಾವ ದಾರಿಯಿಂದ ಹೋದರೂ ದೇಶದ ಸರಕು ಹೊರಗಿನವರಿಗೆ ದುಬಾರಿಯಾಗುತ್ತದೆ.

ಕಟ್ಟಿಹಾಕಿದ್ದಕ್ಕೆ ನೇಪಾಳ ಉದಾಹರಣೆ. 1993ರಿಂದ ಒಂದು ಭಾರತೀಯ ರೂಪಾಯಿಗೆ 1.6 ನೇಪಾಳಿ ರೂಪಾಯಿ ಎಂಬ ದರ ಬದಲಾಗಿಲ್ಲ. ಅಲ್ಲಿನ ಯುವಕರು ಮಲೇಷ್ಯಾ, ಕತಾರ್, ಸೌದಿ, ಭಾರತದಲ್ಲಿ ದುಡಿದು ಕಳಿಸುವ ಹಣ ದೇಶದ ಜಿಡಿಪಿಯ ಕಾಲು ಭಾಗದ ಹತ್ತಿರ. ದರ ಅಲುಗದ ಕಾರಣ ಒತ್ತಡವೆಲ್ಲ ಒಳಗಿನ ಬೆಲೆಗಳ ಮೇಲೆ, ಮುಖ್ಯವಾಗಿ ಕಾಠ್ಮಂಡು ಕಣಿವೆಯ ಜಮೀನಿನ ಮೇಲೆ ಬೀಳುತ್ತದೆ. ಅಕ್ಕಿ, ಬಟ್ಟೆ, ಮೋಟಾರುಬೈಕು ಎಲ್ಲ ಭಾರತದಿಂದ ಹೋಗುವುದರಿಂದ ಅವುಗಳ ಬೆಲೆ ಭಾರತದ ಬೆಲೆಯನ್ನೇ ಹಿಂಬಾಲಿಸುತ್ತದೆ. ದೇಶ ಆಮದು ಮಾಡುವುದು ರಫ್ತಿನ ಹಲವು ಪಟ್ಟು. ಬೆಟ್ಟದ ಹೊಲಗಳು ಬೀಳುಬಿದ್ದಿವೆ. ಆದರೂ ಆ ಹಣ ಬೇಡವಾಗಿತ್ತು ಎನ್ನಲು ಯಾರಿಗೂ ಬಾಯಿ ಬಾರದು. 1995-96ರಲ್ಲಿ ನೇಪಾಳದ ಶೇ. 42 ಜನ ಬಡತನದಲ್ಲಿದ್ದರು, 2003-04ಕ್ಕೆ ಅದು ಶೇ. 31ಕ್ಕೆ ಇಳಿಯಿತು. ಆ ಇಳಿಕೆಯ ಸುಮಾರು ಐದನೇ ಒಂದು ಭಾಗಕ್ಕೆ ದುಡಿಮೆಗಾಗಿ ಹೊರಹೋದವರೇ ಕಾರಣ ಎಂದು ಲೆಕ್ಕ ಹಾಕಿದ ಅಧ್ಯಯನವಿದೆ.

ತೇಲುವ ಕರೆನ್ಸಿಗೆ ಫಿಲಿಪ್ಪೀನ್ಸ್ ಉದಾಹರಣೆ. 2004ರ ಕೊನೆಗೆ ಒಂದು ಡಾಲರಿಗೆ ಸುಮಾರು 56 ಪೆಸೊ ಸಿಗುತ್ತಿತ್ತು. 2007ರ ಕೊನೆಗೆ ಸಿಕ್ಕಿದ್ದು 41 ಚಿಲ್ಲರೆ. ಆ ಕಾಲದಲ್ಲಿ ಡಾಲರ್ ಜಗತ್ತಿನಾದ್ಯಂತ ಸೊರಗಿತ್ತು ನಿಜ, ವಿದೇಶಿ ಹೂಡಿಕೆಯೂ ಬರುತ್ತಿತ್ತು. ಆದರೆ ನಾವಿಕರು, ನರ್ಸುಗಳು, ಮನೆಗೆಲಸದವರು ಕಳಿಸುವ ಡಾಲರ್ ಹೊಳೆಯೂ ಪೆಸೊವನ್ನು ಮೇಲೆತ್ತಿದ ಶಕ್ತಿಗಳಲ್ಲಿ ಒಂದು. ಫಲವೇನೆಂದರೆ, ತಿಂಗಳಿಗೆ ನೂರು ಡಾಲರ್ ಕಳಿಸುತ್ತಿದ್ದ ಮಗಳ ತಾಯಿಗೆ 5,600 ಪೆಸೊ ಸಿಗುತ್ತಿದ್ದಲ್ಲಿ 4,100 ಸಿಗತೊಡಗಿತು. ಎಲ್ಲರೂ ಸೇರಿ ಹೆಚ್ಚು ಕಳಿಸಿದ್ದೂ ಒಬ್ಬೊಬ್ಬರಿಗೆ ಕಡಿಮೆ ಸಿಗಲು ಒಂದು ಕಾರಣವಾಯಿತು.

ಎಲ್ ಸಾಲ್ವಡಾರ್ 2001ರಲ್ಲಿ ತನ್ನ ಕರೆನ್ಸಿಯನ್ನೇ ಬಿಟ್ಟು ಅಮೆರಿಕದ ಡಾಲರನ್ನು ಒಪ್ಪಿಕೊಂಡಿತು, ಅಲ್ಲಿ ಬೆಲೆಯ ದಾರಿ ಮಾತ್ರ ಉಳಿದಿದೆ. ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್‌ನ 13 ದೇಶಗಳನ್ನು ಅಧ್ಯಯನ ಮಾಡಿದ ಅಮುಯೆದೊ-ದೊರಾಂತೆಸ್ ಮತ್ತು ಪೊಸೊ ಎಂಬ ಅರ್ಥಶಾಸ್ತ್ರಜ್ಞರು 2004ರಲ್ಲಿ ಕಂಡುಕೊಂಡದ್ದು, ವಲಸಿಗರ ಹಣ ಎರಡು ಪಟ್ಟಾದರೆ ನೈಜ ವಿನಿಮಯ ದರದ ಲೆಕ್ಕದಲ್ಲಿ ಕರೆನ್ಸಿಯ ಮೌಲ್ಯ ಸುಮಾರು ಶೇ. 22 ಏರುತ್ತದೆ ಎಂದು. ತಮ್ಮ ಲೇಖನದ ಶೀರ್ಷಿಕೆಯಲ್ಲಿ ಅವರು ಇದನ್ನು ಉಡುಗೊರೆಯ ವಿರೋಧಾಭಾಸ ಎಂದು ಕರೆದರು.

ಭಾರತದಲ್ಲಿ ನಡುವೆ ರಿಸರ್ವ್ ಬ್ಯಾಂಕ್ ನಿಂತಿದೆ. ಡಾಲರ್ ಹೆಚ್ಚು ಬಂದಾಗ ಅದು ಡಾಲರ್ ಕೊಂಡು ರೂಪಾಯಿ ಬಿಡುತ್ತದೆ, ಮೀಸಲು ನಿಧಿ ಬೆಳೆಯುತ್ತದೆ. ಹಾಗೆ ಬಿಟ್ಟ ರೂಪಾಯಿ ಹಣದ ಪೂರೈಕೆಯನ್ನು ಹೆಚ್ಚಿಸಿ ಹಣದುಬ್ಬರ ತರಬಾರದೆಂದು ಸರ್ಕಾರಿ ಪತ್ರಗಳನ್ನು ಮಾರಿ ಅದನ್ನು ಮತ್ತೆ ಹೀರಿಕೊಳ್ಳುತ್ತದೆ. 2004ರಲ್ಲಿ ಇದಕ್ಕೆಂದೇ ಮಾರುಕಟ್ಟೆ ಸ್ಥಿರೀಕರಣ ಯೋಜನೆ ಬಂತು. ನಮ್ಮ ತೊಂದರೆ ಹೆಚ್ಚಾಗಿ ಇದಕ್ಕೆ ತಿರುಗಾಮುರುಗಾ. 2013ರ ಮೇ ತಿಂಗಳಲ್ಲಿ ಡಾಲರಿಗೆ 55 ರೂಪಾಯಿಯ ಹತ್ತಿರ ಇದ್ದದ್ದು ಆಗಸ್ಟ್ ಕೊನೆಯಲ್ಲಿ 68ನ್ನು ಮುಟ್ಟಿತು. ದಿರ್ಹಮ್ 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಿರುವುದರಿಂದ, ಸಾವಿರ ದಿರ್ಹಮಿಗೆ 15,000 ರೂಪಾಯಿ ಸಿಗುತ್ತಿದ್ದಲ್ಲಿ 18,500 ಸಿಕ್ಕಿತು. ಹಣ ಬರುವ ಮನೆಗೆ ಹಬ್ಬ. ಅದೇ ತಿಂಗಳು ಪೆಟ್ರೋಲು, ಆಮದಾಗುವ ಖಾದ್ಯತೈಲ ಎಲ್ಲರಿಗೂ ದುಬಾರಿ. ದಿರ್ಹಮ್ ಇದ್ದವನಿಗೆ ಏರಿಕೆಯನ್ನು ತಡೆಯಲು ಛತ್ರಿ ಇತ್ತು, ಪಕ್ಕದವನು ಮಳೆಯಲ್ಲಿ ನಿಂತ.

ಬೆಲೆ ಮಟ್ಟ ಮತ್ತು ಹಣದುಬ್ಬರ ಒಂದೇ ಅಲ್ಲ ಎಂಬ ಎಚ್ಚರಿಕೆಯೂ ಇಲ್ಲಿ ಬೇಕು. 2025ರ ಜೂನ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ. 2.1 ಇದ್ದಾಗ ಕೇರಳದಲ್ಲಿ ಶೇ. 6.71 ಇತ್ತು. 'ನೋಡಿ, ಕೊಲ್ಲಿಯ ಹಣ' ಎಂದು ಕೂಡಲೇ ಹೇಳಿಬಿಡಬಹುದು. ಆದರೆ ಆ ವರ್ಷ ತೆಂಗಿನೆಣ್ಣೆ ಮತ್ತು ಚಿನ್ನದ ಬೆಲೆ ಗಗನಕ್ಕೇರಿತ್ತು, ಮಲಯಾಳಿಗಳು ಎರಡನ್ನೂ ಹೆಚ್ಚು ಕೊಳ್ಳುತ್ತಾರೆ. ದಶಕಗಳಿಂದ ಬಂದ ಹಣ ಬೆಲೆಯ ಮೆಟ್ಟಿಲನ್ನು ಎತ್ತರದಲ್ಲಿ ಇಟ್ಟಿರಬಹುದು, ಈ ವರ್ಷ ಎಷ್ಟು ಮೆಟ್ಟಿಲು ಹತ್ತಿದೆವು ಎಂಬುದಕ್ಕೆ ಬೇರೆ ಕಾರಣ ಇರಬಹುದು.

ಹಣ ನಿಂತರೆ ಬೆಲೆ ಇಳಿಯುತ್ತದೆಯೇ? 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನದಲ್ಲಿ ಕರೆತರಲಾಯಿತು. ಅವರಲ್ಲಿ ಎಷ್ಟೋ ಮನೆಗಳಿಗೆ ರಾತ್ರೋರಾತ್ರಿ ಆದಾಯ ನಿಂತಿತು. 2011ರಲ್ಲಿ ಸೌದಿಯಲ್ಲಿ ನಿತಾಖತ್ ಬಂದಾಗ, 2020ರಲ್ಲಿ ಕೋವಿಡ್ ಬಂದಾಗ ಮತ್ತೆ ಅದೇ ಭಯ. ಕೂಲಿಯಾಗಲಿ ಜಾಗದ ಬೆಲೆಯಾಗಲಿ ಏರಿದಷ್ಟು ಸುಲಭವಾಗಿ ಇಳಿಯುವುದಿಲ್ಲ. ಜಾಗದ ಮಾರುಕಟ್ಟೆಯಲ್ಲಿ ಬೆಲೆ ಇಳಿಯುವ ಬದಲು ವ್ಯವಹಾರವೇ ನಿಲ್ಲುತ್ತದೆ. ಮಾರುವವನು ಹಳೆಯ ದರವನ್ನೇ ಹಿಡಿದು ಕೂರುತ್ತಾನೆ, ಕೊಳ್ಳುವವನು ಬರುವುದಿಲ್ಲ. ಹಣವೆಲ್ಲ ಜಾಗದಲ್ಲಿ ಹೂತುಹೋದ ಮನೆಗೆ ಆ ಹೊತ್ತಿನಲ್ಲಿ ಆಸ್ಪತ್ರೆ ಖರ್ಚಿಗೂ ಕಷ್ಟ. ಅದೇ ಹಣದಲ್ಲಿ ಒಂದು ಪಾಲು ಊರಿನಲ್ಲಿ ಏನನ್ನಾದರೂ ಉತ್ಪಾದಿಸುವ ಕೆಲಸಕ್ಕೆ ಹೋಗಿದ್ದರೆ, ಒಂದು ವರ್ಕ್‌ಶಾಪ್, ಒಂದು ಐಸ್ ಪ್ಲಾಂಟ್, ಬಾಡಿಗೆಗೆ ಕೊಡುವ ನಾಲ್ಕು ಸಣ್ಣ ಮನೆಗಳು, ಬೇಡಿಕೆಯ ಜೊತೆಗೆ ಪೂರೈಕೆಯೂ ಸ್ವಲ್ಪ ಸರಿಯುತ್ತಿತ್ತು. ಬೆಲೆಯ ಒತ್ತಡವೂ ಅಷ್ಟರಮಟ್ಟಿಗೆ ತಗ್ಗುತ್ತಿತ್ತು. ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ ಎಂದು ನನಗೂ ಗೊತ್ತು. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆಗೆ ಬರುವವನು ವರ್ಕ್‌ಶಾಪ್ ನೋಡಿಕೊಳ್ಳಲಾರ. ಜಾಗ ಮಾತ್ರ ಯಾರೂ ನೋಡಿಕೊಳ್ಳದೆಯೂ ಇದ್ದಲ್ಲೇ ಇರುತ್ತದೆ.

ದ್ವಿತೀಯ ಪಿಯುಸಿಯವರಿಗೆ ಪ್ರಾಜೆಕ್ಟ್ ಕೆಲಸ ಇದೇ ವಿಷಯದ ಮೇಲೆ ಇರುತ್ತದೆ. ಮನೆಯ ಹಿರಿಯರನ್ನು ಕೇಳಿ ಹತ್ತು ವಸ್ತುಗಳ ಹತ್ತು ವರ್ಷ ಹಿಂದಿನ ಬೆಲೆ ಮತ್ತು ಇಂದಿನ ಬೆಲೆ ಬರೆದು ತನ್ನಿ. ಐದು ಹೊರಗಿನಿಂದ ತರಬಹುದಾದವು, ಐದು ತರಲಾಗದವು: ಒಂದು ಸೆಂಟ್ಸ್ ಜಾಗ, ಮೇಸ್ತ್ರಿಯ ದಿನಗೂಲಿ, ಎರಡು ಕೋಣೆಯ ಮನೆ ಬಾಡಿಗೆ, ಒಂದನೇ ತರಗತಿಯ ಫೀಸು, ಮದುವೆ ಹಾಲಿನ ಬಾಡಿಗೆ ಹೀಗೆ. ಎರಡೂ ಗುಂಪಿನ ಶೇಕಡಾವಾರು ಏರಿಕೆಯನ್ನು ಬೇರೆಬೇರೆಯಾಗಿ ಲೆಕ್ಕ ಹಾಕಿ. ಬಂಗುಡೆ ಮೀನನ್ನು ಯಾವ ಗುಂಪಿಗೆ ಹಾಕಬೇಕು ಎಂಬುದನ್ನು ನೀವೇ ತೀರ್ಮಾನಿಸಿ, ಕಾರಣವನ್ನು ಎರಡು ಸಾಲಿನಲ್ಲಿ ಬರೆಯಿರಿ. ಕೊಲ್ಲಿಯಲ್ಲಿ ಯಾರೂ ಇಲ್ಲದ ಒಂದು ಮನೆಯನ್ನಾದರೂ ಕೇಳಿ ಬರೆದ ಹಾಳೆಗೆ ಹೆಚ್ಚು ಅಂಕ.